ನೇಪಿಯರ್ ಕಡ್ಡಿ ಹಂಚಿದ ಶೇಖರಮ್ಮನವರು

ಕೊಪ್ಪಳ ಸೀಮೆಯಲ್ಲಿ ಹಸಿರು ಮೇವಿನ ಮಾತು ಬಂದಾಗ ಮೊದಲು ನೆನಪಾಗುವ ಹೆಸರು ಶ್ರೀಮತಿ ಶೇಖರಮ್ಮನವರದು. ಮೇವು ಅಧಿಕಾರಿಯಾಗಿ ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳಲ್ಲಿ ದುಡಿದು, ಇದೀಗ ಕೊಪ್ಪಳದಲ್ಲಿ ನಿವೃತ್ತರಾಗುತ್ತಿರುವ ಅವರು ನೇಪಿಯರ್ ಎಂಬ ಒಂದೇ ಹುಲ್ಲನ್ನು ಹಿಡಿದು ನೂರಾರು ಕೊಟ್ಟಿಗೆಗಳ ಬೇಸಿಗೆಯನ್ನು ಹಗುರ ಮಾಡಿದವರು. ಒಮ್ಮೆ ನೆಟ್ಟರೆ ಹಲವು ವರ್ಷ ಚಿಗುರುವ ಈ ಹುಲ್ಲಿಗೆ ಬೀಜ ಬಿತ್ತುವುದಿಲ್ಲ. ಬಲಿತ ಕಾಂಡವನ್ನು ಎರಡು ಗೆಣ್ಣಿನ ಕಡ್ಡಿಗಳಾಗಿ ಕತ್ತರಿಸಿ ಊರಬೇಕು.

ಅವರ ಸೇವೆಯ ಮೊದಲ ವರ್ಷಗಳಲ್ಲಿ ಶ್ರೀರಾಮನಗರದ ಕಡೆಯ ಭತ್ತದ ರೈತರು ಈ ಕಡ್ಡಿಗಳನ್ನೂ ನಿಂತ ನೀರಿನ ಕೆಸರಿನಲ್ಲಿ ನಾಟಿ ಮಾಡಿ ಕೊಳೆಸಿದ್ದರಂತೆ. ಶೇಖರಮ್ಮನವರು ಗದರಲಿಲ್ಲ. ಉಳಿದ ಕಡ್ಡಿಗಳನ್ನು ಬದುವಿನ ಮೇಲೆ, ಒಂದು ಗೆಣ್ಣು ಮಣ್ಣೊಳಗೆ, ಒಂದು ಹೊರಗೆ ಇರುವಂತೆ ತಾವೇ ಓರೆಯಾಗಿ ಊರಿ ತೋರಿಸಿದರು. ಕಾಲುವೆಯಿಲ್ಲದ ಕುಷ್ಟಗಿಯಲ್ಲಿ ಬಚ್ಚಲ ನೀರನ್ನೇ ತಿರುಗಿಸಿ ಹಿತ್ತಲಲ್ಲಿ ಕಡ್ಡಿ ಹಚ್ಚಿಸಿದರು. ಅವರದೊಂದು ಕಟ್ಟಳೆಯಿತ್ತು: ಕಡ್ಡಿ ಪಡೆದವರು ಮುಂದೆ ಇನ್ನಿಬ್ಬರಿಗೆ ಕೊಡಬೇಕು, ಯಾರಿಗೆ ಕೊಡುವೆವೆಂದು ಪಡೆಯುವ ದಿನವೇ ಮಂದಿಯೆದುರು ಹೇಳಬೇಕು.

ಕೃಷಿ ಪದವಿಯ ಕೊನೆಯ ವರ್ಷ ಹಳ್ಳಿ ತರಬೇತಿಗೆಂದು ನಾನು ಅವರ ಬಳಿ ಬಂದೆ. ಮುಂದೆ ಯಲಬುರ್ಗಾ ತಾಲೂಕಿಗೆ ಸೊಸೆಯಾಗಿ ಬಂದಾಗ ನನ್ನ ಗಂಡ ಹನಮೇಶನಿಗೆ ಕಡ್ಡಿ ಕೊಟ್ಟವರೂ ಅವರೇ. ಅಂದು ಅವನು ಮೊದಲು ಹೇಳಿದ ಹೆಸರು ಪಕ್ಕದ ಹೊಲದ ಮೆಹಬೂಬಬೀಯವರದು. ಹುಲ್ಲು ಮೊಣಕಾಲೆತ್ತರ ಬಂದಿದ್ದಾಗ ಹನಮೇಶ ಅಪಘಾತದಲ್ಲಿ ತೀರಿಕೊಂಡ.

ಅತ್ತೆ ಹುಲಗಮ್ಮ ಆ ಸಾಲುಗಳಿಗೆ ಕುಡಗೋಲು ತಾಗಿಸಗೊಡಲಿಲ್ಲ. ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು ಆಗಬೇಕೆಂದು ನನಗೆ ಗೊತ್ತಿತ್ತು. ಆದರೂ ಕುಡಗೋಲನ್ನು ಗೋಡೆಗೆ ಸಿಕ್ಕಿಸಿಯೇ ಇಟ್ಟೆ. ಹುಲ್ಲು ಕಬ್ಬಿನಂತೆ ಬೆಳೆದು ಗಟ್ಟಿಯಾಯಿತು. ಎಮ್ಮೆಗಳು ಮೂಸಿ ಬಿಟ್ಟವು. ಬೇರೆ ಮೇವಿರಲಿಲ್ಲ. ಎರಡೂ ಎಮ್ಮೆಗಳನ್ನು ಬರುವ ಸಂತೆಗೆ ಹೊಡೆದು ಮಾರುವುದೆಂದು ಮನೆಯ ಹಿರಿಯರು ತೀರ್ಮಾನಿಸಿದರು. ಅವು ಹೋದರೆ ಆ ಮನೆಯಲ್ಲಿ ನನಗೆ ಕೆಲಸವಿರಲಿಲ್ಲ. ನನ್ನನ್ನು ತವರಿಗೆ ಕಳಿಸುವ ಮಾತೂ ಎದ್ದಿತ್ತು.

ಸಂತೆಯ ಹಿಂದಿನ ದಿನ ಶೇಖರಮ್ಮನವರು ಬಂದರು. ಸಮಾಧಾನ ಹೇಳಲಿಲ್ಲ. ಕುಡಗೋಲು ಹಿಡಿದು ನೇರ ಹೊಲಕ್ಕೆ ನಡೆದರು. ಅತ್ತೆ ಅಡ್ಡ ನಿಂತರು.

“ಅಕ್ಕಾರ, ನನ್ನ ಮಗ ಹಚ್ಚಿದ್ದೈತಿ. ಮುಟ್ಟಬ್ಯಾಡ್ರಿ.”

“ಯವ್ವಾ, ನಿನ್ನ ಮಗ ಇದನ್ನ ನೋಡಾಕ ಹಚ್ಚಿದ್ನೋ, ಎಮ್ಮಿಗೆ ಹಾಕಾಕ ಹಚ್ಚಿದ್ನೋ?”

“ಎಮ್ಮಿ ಈಗೆಲ್ಲಿ ತಿಂತಾವ್ರಿ? ಬಡಿಗಿ ಆಗೈತಿ.”

“ಬಡಿಗಿ ಆಗಿದ್ದು ಛಲೋನ ಆತು. ಹಚ್ಚೋ ಕಡ್ಡಿಗೆ ಬಲಿತದ್ದ ಬೇಕು. ಮೆಹಬೂಬಬೀಗೆ ಕೊಡ್ತೀನಂತ ಹನಮೇಶ ಮಂದ್ಯಾಗ ಹೇಳ್ಯಾನ. ಆ ಮಾತು ಯಾರು ನಡಸೋರು?”

ಬದುವಿನ ಮೇಲಿದ್ದ ಮೆಹಬೂಬಬೀ ಗಾಬರಿಯಾದರು. “ನಾ ಕೇಳಾಕ ಬಂದಿಲ್ಲ ಹುಲಗವ್ವ. ಸುಮ್ನ ನಿಂತೀನಿ.”

“ಸುಮ್ನ ನಿಂತೀಯಂತ! ಹೊರಿ ಕಟ್ಟೋ ಹಗ್ಗ ಯಾಕ ಹಿಡದೀ ಮತ್ತ?” ಎಂದರು ಅತ್ತೆ. ಎಷ್ಟೋ ದಿನಗಳ ಮೇಲೆ ಅವರ ದನಿಯಲ್ಲಿ ನಗುವಿನಂಥದ್ದು ಕೇಳಿಸಿತು. ಆಮೇಲೆ ಶೇಖರಮ್ಮನವರ ಕೈಯ ಕುಡಗೋಲು ತೆಗೆದು ನನಗೆ ಕೊಟ್ಟರು. “ನೀ ಕೊಯ್ಯಿ. ಕಲಿತಾಕಿ ಅದೀ.”

ನಾನು ಕೊಯ್ದೆ. “ಇನ್ನೂ ಕೆಳಗ,” ಎಂದರು ಶೇಖರಮ್ಮನವರು. ನೆಲದಿಂದ ಗೇಣಿಗಿಂತ ಕಡಿಮೆ ಉಳಿಸಿ ಕೊಯ್ದರೇ ಬುಡದಿಂದ ಹೊಸ ಮೊಳಕೆ ಒಡೆಯುವುದು. ಮೆಹಬೂಬಬೀ ಕಡ್ಡಿಯ ಹೊರೆ ಒಯ್ದು, ಸಂಜೆ ಒಣಮೇವಿಗೆಂದು ಜೋಳದ ಕಣಿಕೆಯ ಬಂಡಿಯನ್ನು ನಮ್ಮ ಅಂಗಳಕ್ಕೆ ಕಳಿಸಿದರು. ಚಿಗುರು ಬರುವ ತನಕ ಅದೇ ಸಾಕಾಯಿತು. ಎಮ್ಮೆಗಳು ಸಂತೆಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಈಗ ಸುಮಾರು ಒಂದೂವರೆ ತಿಂಗಳಿಗೊಮ್ಮೆ ಕೊಯ್ಯುತ್ತೇನೆ. ಕೊಯ್ದ ಮೇಲೆ ಗೊಬ್ಬರ, ನೀರು ಕೊಡುತ್ತೇನೆ. ಒಂದು ಸಾಲನ್ನು ಮಾತ್ರ ಕಡ್ಡಿಗೆಂದು ಬಲಿಯಲು ಬಿಡುತ್ತೇನೆ. ಕಡ್ಡಿ ಕೇಳಿ ಬಂದವರಿಂದ ಇಬ್ಬರ ಹೆಸರು ಹೇಳಿಸುವವರು ನಮ್ಮ ಅತ್ತೆ.

ಶೇಖರಮ್ಮನವರಿಗೆ ಆಯುರಾರೋಗ್ಯಗಳು ತುಂಬಿರಲಿ. ಕಚೇರಿಯ ಹಂಗು ಕಳೆದ ಅವರ ನಡಿಗೆ ಇನ್ನಷ್ಟು ಹೊಲಗಳನ್ನು ಮುಟ್ಟಲಿ. ಈ ಲೇಖನ ಬರೆಯುತ್ತಿರುವುದನ್ನು ಕಂಡು ಅತ್ತೆಯೂ ಒಂದು ಮಾತು ಸೇರಿಸಲು ಹೇಳಿದ್ದಾರೆ: “ಅಕ್ಕಾರಿಗೆ ಬರಿ, ಹುಲ್ಲು ಮತ್ತ ಕೊಯ್ಲಿಗೆ ಬಂದೈತಿ. ರಿಟೈರ್ ಆದೆ ಅಂತ ಮನಿಯಾಗ ಕುಂದ್ರೂದು ಬ್ಯಾಡ. ಕುಡಗೋಲು ಮಸದು ಇಟ್ಟೀನಿ.”