ಗೌರಮ್ಮನವರ ದೀಪದ ಕಲ್ಲು

ಕಲ್ಲಿಗೆ ಜೀವ ಬಂದಿದೆ ಎಂದು ಯಾರಾದರೂ ನನ್ನ ಕೆಲಸವನ್ನು ಹೊಗಳಿದರೆ ಸಂತೋಷವಾಗುತ್ತದೆ, ಆದರೆ ನಂಬುವುದಿಲ್ಲ. ಕಲ್ಲು ಕಲ್ಲೇ. ಮೀಸೆ ಮೂಡುವ ಮೊದಲೇ ಉಳಿ ಹಿಡಿದವನು ನಾನು. ಪವಾಡ, ದೆವ್ವ ಎಂದು ಬಂದವರನ್ನು ಗೇಲಿ ಮಾಡಿಯೇ ಕಳಿಸುತ್ತಿದ್ದೆ. ಹಾಗಿದ್ದೂ ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ಮಾತ್ರ ನನ್ನ ಬುದ್ಧಿಗೆ ಇನ್ನೂ ನಿಲುಕಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಚಾಮರಾಜಪುರಂನ ಗೌರಮ್ಮನವರಿಗೆ ಆಗಲೇ ಎಂಬತ್ತು ದಾಟಿತ್ತು. ಅವರು ಹುಟ್ಟಿದ್ದು ಬರ್ಮಾದಲ್ಲಿ. ತಂದೆ ಅಲ್ಲಿ ಮರದ ವ್ಯಾಪಾರದಲ್ಲಿದ್ದರು. ಮಹಾಯುದ್ಧದ ಕಾಲದಲ್ಲಿ ಸೈನಿಕರು ಅವರ ಕೇರಿಗೆ ನುಗ್ಗಿ ಸಿಕ್ಕಸಿಕ್ಕವರನ್ನು ಕೊಂದರು. ತಂದೆಯೂ ಹೋದರು. ಬಿದಿರ ಮೆಳೆಯಲ್ಲಿ ಅಡಗಿದ್ದ ತಾಯಿ ಮತ್ತು ಗೌರಮ್ಮ ಉಳಿದು, ಹೇಗೋ ಮೈಸೂರು ಸೇರಿದರು. ಸತ್ತವರಿಗೆ ಎಲ್ಲೂ ಒಂದು ಗುರುತಿಲ್ಲ, ತಾನು ಕಣ್ಣು ಮುಚ್ಚುವುದರೊಳಗೆ ತನ್ನ ಅಂಗಳದಲ್ಲಾದರೂ ಒಂದು ಕಲ್ಲು ನಿಲ್ಲಬೇಕು ಎನ್ನುವುದು ಅವರ ಆಸೆ. ಹೆಸರು ಬೇಡ, ಒಬ್ಬೊಬ್ಬರಿಗೂ ಒಂದೊಂದು ದೀಪ ಕೆತ್ತಬೇಕು ಎಂದರು. ಬೆರಳು ಮಡಿಚುತ್ತಾ ಒಬ್ಬೊಬ್ಬರನ್ನೇ ನೆನೆದು ಹೇಳಿದರು.

ಕಲ್ಲನ್ನು ನಾವು ತಟ್ಟಿ ನೋಡಿಯೇ ಆರಿಸುತ್ತೇವೆ. ಒಳ್ಳೆಯ ಕಲ್ಲು ಗಂಟೆಯಂತೆ ದನಿ ಕೊಡುತ್ತದೆ, ಒಳಗೆ ಬಿರುಕಿದ್ದರೆ ಮಂಕಾಗಿ ಸದ್ದಾಗುತ್ತದೆ. ಕೆಲಸ ಮುಗಿದ ಮೇಲೆ ಮಾಡಿಸಿದವರ ಎದುರೇ ಇನ್ನೊಮ್ಮೆ ತಟ್ಟಿ ಒಪ್ಪಿಸುವುದು ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ. ಗೌರಮ್ಮನವರಿಗೆಂದು ತಂದ ಕೃಷ್ಣಶಿಲೆ ಮೊದಲ ದಿನ ಖಣಖಣ ಎಂದಿತ್ತು.

ದೀಪಗಳೆಲ್ಲ ಕೆತ್ತಿ ಮುಗಿದ ಮೇಲೆ ಒಂದು ಮಧ್ಯಾಹ್ನ ರಾಮಕೃಷ್ಣನಗರದ ನನ್ನ ಶೆಡ್ಡಿಗೆ ಅವರು ಆಟೋದಲ್ಲಿ ಬಂದರು. ಜಂಬದಿಂದಲೇ ತಟ್ಟಿದೆ. ಮೊಳಗುವ ಗಂಟೆಯ ಮೇಲೆ ಕೈಯಿಟ್ಟ ಹಾಗೆ ಸದ್ದು ಅಲ್ಲೇ ನಿಂತುಹೋಯಿತು. ಸುತ್ತಲೂ ತಟ್ಟಿದೆ, ಕೆಳಗಿನ ದಿಮ್ಮಿ ಬದಲಿಸಿದೆ, ನೀರು ಸುರಿದು ಬಿರುಕು ಹುಡುಕಿದೆ. ಕೂದಲೆಳೆಯಷ್ಟೂ ಸಿಗಲಿಲ್ಲ. ನನಗೆ ನಾಚಿಕೆಯಾಯಿತು.

“ಒಳಗೆಲ್ಲೋ ಒಡೆದಿದೆ ಅಮ್ಮಾ. ಬೇರೆ ಕಲ್ಲಲ್ಲಿ ಮಾಡ್ಕೊಡ್ತೀನಿ,” ಎಂದೆ.

ಅವರು ಕೆತ್ತಿದ ದೀಪಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು.

“ಕಲ್ಲಿಂದೇನೂ ತಪ್ಪಿಲ್ಲ ಕಣಪ್ಪ. ನಾನೇ ಒಬ್ಬನ್ನ ಬಿಟ್ಬುಟ್ಟಿದ್ದೀನಿ. ನನ್ ತಮ್ಮ, ಕೈಗೂಸು. ಇನ್ನೂ ಹೆಸ್ರಿಟ್ಟಿರ್ಲಿಲ್ಲ. ಮೆಳೇಲಿ ಅಡಗಿದ್ದಾಗ ಅಳೋಕೆ ಶುರು ಮಾಡ್ದ. ಸಿಪಾಯಿಗಳು ಅಲ್ಲೇ ಓಡಾಡ್ತಿದ್ರು. ಅಮ್ಮ ಅವನ ಬಾಯಿ ಅದುಮಿ ಹಿಡ್ಕೊಂಡ್ಬುಟ್ಲು. ಅವ್ರು ಹೋದ್ಮೇಲೆ ನೋಡಿದ್ರೆ ಉಸಿರೇ ಇಲ್ಲ. ಸಾಯೋವರೆಗೂ ಅಮ್ಮ ಅವನ ಮಾತೆತ್ತಲಿಲ್ಲ. ಸಿಪಾಯಿಗಳು ಕೊಂದವ್ರ ಜೊತೇಲಿ ಅವನನ್ನ ಸೇರಿಸ್ಬೋದಾ?”

“ಅವನನ್ನ ಕೊಂದಿದ್ದೂ ಅವ್ರೇ ಅಮ್ಮಾ,” ಎಂದೆ. ಅಷ್ಟು ಖಚಿತವಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ.

ಅವರನ್ನು ಅಲ್ಲೇ ಕುರ್ಚಿಯಲ್ಲಿ ಕೂರಿಸಿ, ಅವರ ತಂದೆಯ ದೀಪದ ಪಕ್ಕದಲ್ಲಿ ಪುಟ್ಟದೊಂದು ದೀಪ ಕೆತ್ತಿದೆ. ಧೂಳು ಊದಿ ತಟ್ಟಿದೆ. ಕಲ್ಲು ತುಂಬು ದನಿಯಲ್ಲಿ ಮೊಳಗಿತು.

ಒಡೆದ ಕಲ್ಲು ಉಳಿಯ ಪೆಟ್ಟಿಗೆ ಇನ್ನಷ್ಟು ಒಡೆಯುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ. ಕಲ್ಲಿನ ವಿಷಯದಲ್ಲಿ ನನಗೆ ಪಾಠ ಹೇಳುವವರು ಈ ಊರಲ್ಲಿ ಕಡಿಮೆ. ಆದರೂ ಇದಕ್ಕೆ ಕಾರಣವೇನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆಗ ಯೋಚಿಸುವುದಕ್ಕೂ ಗೌರಮ್ಮ ಬಿಡಲಿಲ್ಲ.

“ಇನ್ನೊಂದ್ಸಲ ತಟ್ಟಪ್ಪ,” ಎಂದರು. “ಜೋರಾಗೇ ತಟ್ಟು. ಈಗ ಯಾರೂ ಬರಲ್ಲ.”