ಕೆಂಚ ತೋಡಿದ ಗುಂಡಿ

ಬಿಸಿಲು ಜೋರಾದಷ್ಟೂ ಮೇಟಗಳ್ಳಿಯ ಚಲುವಮ್ಮನ ಮುಖ ಅರಳುತ್ತಿತ್ತು. ಬೀದಿಯವರೆಲ್ಲ ಉಸ್ಸಪ್ಪಾ ಎಂದು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುವ ಹೊತ್ತಿಗೆ ಅವಳು ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದಳು. ಮಂಡಿ ಮೊಹಲ್ಲಾದ ಅಂಗಡಿಯವರು ಅದಕ್ಕೆ ಕಾದಿರುತ್ತಿದ್ದರು. ಗಂಡ ದೇವರಾಜುವಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲ ಹೋದ ಮೇಲೆ ಮನೆ ನಡೆದದ್ದು ಆ ಸಂಡಿಗೆಯಿಂದ, ಮಗಳು ಭವ್ಯಶ್ರೀಯ ಗಾರ್ಮೆಂಟ್ಸ್ ಕೆಲಸದಿಂದ. ಆರಡಿ ಎತ್ತರದ ಗಂಡನನ್ನು ಒಬ್ಬಳೇ ಎತ್ತಿ ಕೂರಿಸುವಷ್ಟು ಗಟ್ಟಿಗಿತ್ತಿ. ಒಂದೇ ಕಡೆ ಅಳ್ಳಕ: ಈತ ನನ್ನನ್ನು ಬಿಟ್ಟು ಹೋಗಿಬಿಟ್ಟಾನು ಎಂಬ ಭಯ. ಹಲ್ಲಿ ಲೊಚಗುಟ್ಟಿದರೂ ಎದೆ ಧಸಕ್ಕೆನ್ನುತ್ತಿತ್ತು.

ಕೆಂಚ ದೇವರಾಜುವಿನ ನಾಯಿ. ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಫ್ಯಾಕ್ಟರಿ ಗೇಟಿನ ಹತ್ತಿರ ಸಿಕ್ಕ ಮರಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದಿದ್ದ. ಈಗ ಅದು ದಿನವಿಡೀ ಅವನ ಮಂಚಕ್ಕೆ ಎದುರಾಗಿ ಬಾಗಿಲಲ್ಲೇ ಬಿದ್ದಿರುತ್ತಿತ್ತು. ಅದು ಬಾಲ ಆಡಿಸಿದರೆ ದೇವರಾಜುವಿನ ಅರ್ಧ ಮುಖ ನಗುತ್ತಿತ್ತು. ಉಳಿದ ಅರ್ಧಕ್ಕೆ ಶಕ್ತಿಯಿರಲಿಲ್ಲ.

ಆ ಏಪ್ರಿಲ್‌ನಲ್ಲಿ ಸೆಕೆ ತಡೆಯಲಾರದೆ ಕೆಂಚ ಬಾಗಿಲ ಪಕ್ಕದ ದಾಸವಾಳದ ಬುಡ ಕೆದರಿ ಗುಂಡಿ ಮಾಡಿಕೊಂಡು, ತಂಪು ಮಣ್ಣಿಗೆ ಹೊಟ್ಟೆ ಕೊಟ್ಟು ಮಲಗತೊಡಗಿತು. ಬುದ್ಧಿಯಿರುವ ಪ್ರಾಣಿ ಮಾಡುವ ಕೆಲಸ. ಆದರೆ ಅದು ಎದುರು ಮನೆ ಸಿದ್ದಲಿಂಗಮ್ಮನ ಕಣ್ಣಿಗೆ ಬಿತ್ತು. ಕಂಡವರ ಮನೆಯ ಅಪಶಕುನ ಹುಡುಕುವ ಶ್ರದ್ಧೆಯನ್ನು ಆಕೆ ದೇವರ ಮೇಲಿಟ್ಟಿದ್ದರೆ ಇಷ್ಟು ಹೊತ್ತಿಗೆ ಮೋಕ್ಷವೇ ಸಿಗುತ್ತಿತ್ತು.

"ಅಲ್ಲ ಕಣೇ ಚಲುವಮ್ಮ, ಒಳಗೆ ಯಜಮಾನ್ರು ಹಂಗೆ ಮಲಗವ್ರೆ, ನಾಯಿ ಬಾಗ್ಲಲ್ಲೇ ಗುಂಡಿ ತೋಡ್ತಾ ಅದೆ. ಇದು ಒಳ್ಳೇದಕ್ಕಲ್ಲ ಕಣಮ್ಮ."

ಅಷ್ಟು ಸಾಕಾಯಿತು. ಚಲುವಮ್ಮ ಗುಂಡಿ ಮುಚ್ಚಿದಳು, ಕೆಂಚ ಮತ್ತೆ ತೋಡಿತು. ಮೇಲೆ ಚಪ್ಪಡಿ ಎಳೆದಳು, ಅದು ಪಕ್ಕದಲ್ಲಿ ಕೆದರಿತು. ಮರುದಿನ ಬೆಳಿಗ್ಗೆ ಸರಪಳಿ ಹಾಕಿ ತಾರಸಿಗೆ ಎಳೆದೊಯ್ದು, ನೀರಿನ ಟ್ಯಾಂಕಿನ ಪೈಪಿಗೆ ಕಟ್ಟಿ, ಬೋಗುಣಿಯಲ್ಲಿ ನೀರಿಟ್ಟಳು.

"ಅವ್ವಾ, ಸೆಕೆಗೆ ತಂಪು ಹುಡುಕ್ತದೆ ಅಷ್ಟೇ. ಕೆಳಗೇ ಬುಡು," ಎಂದಳು ಕೆಲಸಕ್ಕೆ ಹೊರಟಿದ್ದ ಭವ್ಯಶ್ರೀ. "ಮೇಲೆ ಕಾಲಿಡಕ್ಕಾಗಲ್ಲ, ಸುಡ್ತದೆ."

"ಟ್ಯಾಂಕಿನ ನೆರಳಿಲ್ವಾ? ಕಾಗೆನೂ ಓಡಿಸ್ತದೆ. ನೀನ್ ಬಸ್ಸಿಗೆ ಹೊರಡು."

ಹೊತ್ತೇರಿದ ಮೇಲೆ ಚಪ್ಪಲಿಯಿಲ್ಲದೆ ಚಲುವಮ್ಮ ತಾನೇ ಆ ತಾರಸಿಗೆ ಕಾಲಿಡುತ್ತಿರಲಿಲ್ಲ. ಬೆಳಗಿನ ನೆರಳು ಮಧ್ಯಾಹ್ನಕ್ಕೆ ಅಲ್ಲಿರುವುದಿಲ್ಲ ಎಂಬುದೂ ಗೊತ್ತಿತ್ತು. ಎಷ್ಟು ಬೇಸಿಗೆ ಸಂಡಿಗೆ ಒಣಗಿಸಿದವಳು! ಆದರೆ ಗಂಡನ ಪ್ರಾಣದ ಮುಂದೆ ನಾಯಿಯ ಅಂಗಾಲು ಯಾವ ಲೆಕ್ಕ?

ಕೆಂಚ ಮೇಲಿಂದ ಒಂದೇ ಸಮ ಬೊಗಳಿತು. ಕಾಗೆ ಬಂದಿರಬೇಕು ಎಂದುಕೊಂಡು ಅವಳು ಸಾರಿಗೆ ಒಗ್ಗರಣೆ ಹಾಕಿದಳು. ಆಮೇಲೆ ಬೊಗಳುವುದು ಕುಂಯ್‌ಗುಡುವುದಾಯಿತು. ಆಗಲೇ ದೇವರಾಜು ಎಡಗೈ ಎತ್ತಿ ಸೂರಿನತ್ತ ತೋರಿಸತೊಡಗಿದ. "ಆ... ಆ..." ಎಂದು ಗಂಟಲು ಹರಿಯುವಂತೆ ಕೂಗಿದ.

ಚಲುವಮ್ಮ ಒಲೆ ಬಿಟ್ಟು ಓಡಿಬಂದಳು. ಗುಂಡಿ ಮುಚ್ಚಿದ್ದು ತಡವಾಯಿತು ಎಂದೇ ಅವಳಿಗನ್ನಿಸಿದ್ದು.

"ಮೇಲಕ್ಕಾ? ಮೇಲಕ್ಕೆ ಹೋಯ್ತೀನಿ ಅಂತೀರಾ? ನನ್ನ ಬುಟ್ಟು ಎಲ್ಗೂ ಹೋಗ್ಬೇಡಿ ಕಣ್ರೀ!"

ಅವನು ತಲೆ ಅಲ್ಲಾಡಿಸಿದ, ಮತ್ತೆ ಸೂರಿಗೆ ಬೆರಳು ಮಾಡಿದ, ಕಣ್ಣಲ್ಲಿ ನೀರು ಸುರಿಯಿತು. ಆ ನೀರು ಕಂಡು ಅವಳಿಗೆ ಅನುಮಾನವೇ ಉಳಿಯಲಿಲ್ಲ. ಹಣೆಗೆ ವಿಭೂತಿ ಬಳಿದಳು, ಬಾಯಿಗೆ ತುಳಸಿ ನೀರು ಬಿಟ್ಟಳು. ಎದ್ದೆದ್ದು ಬರುತ್ತಿದ್ದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಿಗೆ ಒತ್ತಿಕೊಂಡಳು. ಬಿಟ್ಟರೆ ಹೊರಟೇಹೋಗುತ್ತಾನೆ ಎಂಬಂತೆ ಹಿಡಿದಿದ್ದಳು. ತಾರಸಿಯ ಸದ್ದು ಯಾವಾಗ ನಿಂತಿತೋ ಅವಳಿಗೆ ಗೊತ್ತಾಗಲಿಲ್ಲ, ಅವನಿಗೆ ಗೊತ್ತಾಯಿತು. ಕೈ ಸಡಿಲ ಬಿಟ್ಟು ಸುಮ್ಮನಾದ. ಗಂಡಾಂತರ ಕಳೆಯಿತೆಂದು ಅವಳು ಚಾಮುಂಡಿತಾಯಿಗೆ ಕೂತಲ್ಲಿಂದಲೇ ಕೈಮುಗಿದಳು.

ಸಂಜೆ ಸಂಡಿಗೆ ಎತ್ತಲು ಮೇಲೆ ಹೋದ ಭವ್ಯಶ್ರೀ ಚೀರಿಕೊಂಡಳು. ಚಲುವಮ್ಮ ಓಡಿದಳು. ನೆರಳು ಹುಡುಕಿ ಸುತ್ತಿ ಸುತ್ತಿ ಸರಪಳಿ ಪೈಪಿಗೆ ಬಿಗಿದುಕೊಂಡಿತ್ತು. ಬೋಗುಣಿ ಮಗುಚಿತ್ತು. ಕೆಂಚನ ನಾಲಿಗೆ ಹೊರಚಾಚಿತ್ತು, ಅಂಗಾಲ ತುಂಬ ಬೊಬ್ಬೆ. ಚಲುವಮ್ಮ ಟ್ಯಾಂಕಿನಿಂದ ಬಕೆಟ್ಟು ಬಕೆಟ್ಟು ನೀರು ಹಿಡಿದು ಅದರ ಮೈಮೇಲೆ ಸುರಿದಳು.

"ಸಾಕು ಬುಡವ್ವ, ಸತ್ತೋಗ್ಬುಟ್ಟದೆ," ಎಂದು ಭವ್ಯಶ್ರೀ ಅಳುತ್ತಾ ಬಕೆಟ್ಟು ಕಿತ್ತುಕೊಂಡಳು.

ದೇವರಾಜುವಿನ ಮಂಚ ಅದೇ ಜಾಗದ ನೇರ ಕೆಳಗಿತ್ತು. ಅವನು ತೋರಿಸಿದ್ದು ಏನನ್ನು ಎಂದು ಚಲುವಮ್ಮನಿಗೆ ಆಗ ತಿಳಿಯಿತು. ನೆಲದ ಬಿಸಿ ಇನ್ನೂ ಆರಿರಲಿಲ್ಲ, ಅವಳು ಅಲ್ಲೇ ಕೂತು ಪೈಪಿನಿಂದ ಸರಪಳಿ ಬಿಡಿಸತೊಡಗಿದಳು.

ದೇವರಾಜು ಸಾಯಲಿಲ್ಲ. ಈಗಲೂ ಇದ್ದಾನೆ, ಡಾಕ್ಟರು ನಾಡಿ ಚೆನ್ನಾಗಿದೆ ಎನ್ನುತ್ತಾರೆ. ಬೆಳಿಗ್ಗೆ, ರಾತ್ರಿ ಭವ್ಯಶ್ರೀ ತಿನ್ನಿಸಿದರೆ ತಿನ್ನುತ್ತಾನೆ. ಮಧ್ಯಾಹ್ನ ಮಗಳು ಮನೆಯಲ್ಲಿರುವುದಿಲ್ಲ. ಚಲುವಮ್ಮ ದಿನಾ ಅನ್ನ ಕಲಸಿ, ತುತ್ತು ಮಾಡಿ, ಅವನ ತುಟಿಯ ಹತ್ತಿರ ಹಿಡಿದು ಕೂರುತ್ತಾಳೆ. ಅವನು ಬಾಯಿ ತೆರೆಯುವುದಿಲ್ಲ.