ಯಾರ ಹಾಗೂ ಇಲ್ಲದವಳು

ತಮ್ಮ ಹುಟ್ಟಿದ ವಾರದಲ್ಲೇ ನೆಂಟರೆಲ್ಲ ಸೇರಿ ಅವನನ್ನು ಪಾಲು ಮಾಡಿಕೊಂಡರು. ಮೂಗು ಅಜ್ಜಿಯದು, ಕಿವಿ ಸೋದರಮಾವನದು, ಹಣೆ ಥೇಟ್ ಅಪ್ಪನದು, ಅಳುವಾಗ ಸೊಟ್ಟಗಾಗುವ ಬಾಯಿ ಮಾತ್ರ ದೊಡ್ಡಮ್ಮನದು. ಮಂಚದ ಪಕ್ಕ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಆರು ವರ್ಷದ ಅಕ್ಕ, "ಮತ್ತೆ ನಂದು?" ಎಂದಳು. ದೊಡ್ಡಮ್ಮ, "ನಿಂದು ನಿಂದೇ ಕಣೆ," ಎಂದು ಕಾಫಿ ಲೋಟದೊಳಗೆ ಮುಖ ಮರೆಸಿಕೊಂಡರು.

ಅವಳನ್ನು ದತ್ತು ತಂದದ್ದು ಮನೆಯಲ್ಲಿ ಗುಟ್ಟಿನ ವಿಷಯವಾಗಿರಲಿಲ್ಲ. ಅಪ್ಪ ಸಿಟಿ ಬಸ್ಸಿನ ಡ್ರೈವರ್, ಅಮ್ಮ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವಳು. ಮನೆಗೆ ಬಂದ ಹೊಸದರಲ್ಲಿ ಮಗು ಅಮ್ಮನ ಗುಂಡಿ ಡಬ್ಬ ಬಿಟ್ಟು ಏಳುತ್ತಿರಲಿಲ್ಲವಾದ್ದರಿಂದ 'ಗುಂಡಿ' ಎಂದೇ ಹೆಸರಾಯಿತು. ಮುಂದೆ ತಮ್ಮ ಮಾತು ಕಲಿತ ಮೇಲೆ, "ಅಂಗೀಲಿರೋ ಗುಂಡೀನಾ, ರಸ್ತೇಲಿರೋ ಗುಂಡೀನಾ?" ಎಂದು ಕೇಳಿ ಬೆನ್ನಿಗೆ ಗುದ್ದಿಸಿಕೊಳ್ಳುತ್ತಿದ್ದ.

ಆ ಸಂಜೆ ಅವಳು ಮುಖ ಊದಿಸಿಕೊಂಡು ಕೂತದ್ದನ್ನು ನೋಡಿ ಅಮ್ಮ ಹತ್ತಿರ ಕರೆದಳು. "ನಿನ್ನ ತಮ್ಮ ಅಳತೆ ಕೊಟ್ಟು ಹೊಲಿಸಿದ ಅಂಗಿ. ಹೇಗೆ ಬಂದ್ರೂ ಹಾಕ್ಕೋಬೇಕು. ನೀನು ಹಾಗಲ್ಲ. ಕಣ್ಣಿಗೆ ಬಿದ್ದ ಕೂಡ್ಲೆ ಇದೇ ಬೇಕು ಅಂತ ಆರಿಸಿ ತಂದಿದ್ದು."

ಗುಂಡಿಗೆ ಈ ವಿವರಣೆ ಹಿಡಿಸಿತು. ಆದರೂ ಕನ್ನಡಿ ಸಿಕ್ಕಲ್ಲೆಲ್ಲ ನಿಂತು, ಮುಖದಲ್ಲಿ ಮನೆಯವರ ಗುರುತೇನಾದರೂ ಮೂಡಿದೆಯೇ ಎಂದು ಹುಡುಕುವ ಚಾಳಿ ಬಿಡಲಿಲ್ಲ.

ಓದು ಮುಗಿದ ಮೇಲೆ ಅವಳು ಸೇರಿದ್ದು ಮುಖ್ಯರಸ್ತೆಯ ಪಾಸ್‌ಪೋರ್ಟ್ ಫೋಟೋ ಸ್ಟುಡಿಯೋಕ್ಕೆ. ತಿರುಗುವ ಸ್ಟೂಲು, ಬಿಳಿ ಪರದೆ, ಯಾರೂ ಕದಿಯದಂತೆ ದಾರ ಕಟ್ಟಿದ ಬಾಚಣಿಗೆ, ಬೇಕಾದವರಿಗೆ ತೊಡಿಸಲು ಒಂದು ಕರಿ ಕೋಟು. ಕೋಟು ಬಿಗಿಯಾದವರಿಗೆ ಬೆನ್ನಿನ ಹೊಲಿಗೆ ಬಿಚ್ಚಿಟ್ಟಿತ್ತು; ಸಡಿಲವಾದವರಿಗೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳಿದ್ದವು. ಮುಂದಿನಿಂದ ಎಲ್ಲರೂ ಗಣ್ಯರು. ಸ್ಟುಡಿಯೋ ಯಜಮಾನರು ಅವಳಿಗೆ ಕಲಿಸಿದ ವಿದ್ಯೆ ಒಂದೇ ಉಸಿರಿನದು: "ಗಲ್ಲ ಕೆಳಗೆ, ಕಿವಿ ಕಾಣಲಿ, ನಗಬೇಡಿ."

ಗಿರಾಕಿಗಳಲ್ಲಿ ಅರ್ಧ ಜನ ಫೋಟೋ ಕೈಗೆ ಬರುತ್ತಲೇ, "ಇದು ನಾನಲ್ಲ," ಎನ್ನುತ್ತಿದ್ದರು. ಉಳಿದವರು, "ಅಯ್ಯೋ, ನಮ್ಮಪ್ಪ ಬಂದು ಕೂತ ಹಾಗಿದೆಯಲ್ಲ," ಎನ್ನುತ್ತಿದ್ದರು. ಇಂಥ ಮಾತು ಕೇಳಿದಾಗಲೆಲ್ಲ ಗುಂಡಿಗೆ ಹೊಟ್ಟೆಯಲ್ಲಿ ಸಣ್ಣದೊಂದು ಕಿಚ್ಚು.

ಹೀಗೆ ವರ್ಷಗಳು ಕಳೆದವು. ಒಂದು ಮಧ್ಯಾಹ್ನ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ ಬಂದರು. ಇಡೀ ಬೀದಿಯೇ ಹೆದರುವ ಗಂಟುಮುಖ. ಫೋಟೋ ಕೈಗೆ ತೆಗೆದುಕೊಂಡು ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು.

"ಸರಿಬಂದಿಲ್ವಾ ಮೇಡಂ? ಇನ್ನೊಂದು ತೆಗೀಲಾ?"

"ಸರಿಯಾಗೇ ಬಂದಿದೆ. ಆದ್ರೆ ಇದು ನಮ್ಮತ್ತೆ."

"ಅತ್ತೆ ಅಂದ್ರೆ, ತಂದೆಯ ತಂಗೀನಾ?"

"ಗಂಡನ ತಾಯಿ. ನೋಡಿಲ್ಲಿ, ತುಟಿ ಹೀಗೆ ಒಳಗೆ ಎಳ್ಕೊಳೋದು ಅವರೇ. ಈ ತುಟಿ ನೋಡಿ ನೋಡಿ ನಾನು ಎಷ್ಟು ಬೈಕೊಂಡಿದ್ದೀನಿ ಗೊತ್ತಾ?" ಹೆಡ್‌ಮಿಸ್ ಅಳುವುದೋ ನಗುವುದೋ ತಿಳಿಯದೆ ಕೊನೆಗೆ ನಕ್ಕೇಬಿಟ್ಟರು. ಅವರ ಹಲ್ಲು ಕಂಡದ್ದು ಆ ಬೀದಿಗೆ ಅದೇ ಮೊದಲು.

ಗುಂಡಿ ಕ್ಯಾಮೆರಾ ಕೆಳಗಿಟ್ಟಳು. ಹೋಲಿಕೆ ಹುಟ್ಟಿನಿಂದ ಬಂದರೆ ಬಂತು, ಇಲ್ಲವಾದರೆ ಇಲ್ಲ ಎಂದು ಅಷ್ಟು ದಿನ ನಂಬಿದ್ದಳು. ಇಲ್ಲಿ ನೋಡಿದರೆ, ಒಂದೇ ಅಡುಗೆಮನೆಯಲ್ಲಿ ಜಗಳವಾಡಿಕೊಂಡೇ ಬಾಳಿದರೂ ಮುಖಕ್ಕೆ ಮುಖ ಅಂಟಿಕೊಳ್ಳುತ್ತದೆ.

"ನಾಳೆ ನಿಮ್ಮತ್ತೆಯ ಶಾಲು, ಕನ್ನಡಕ ತಗೊಂಡು ಬರ್ತೀರಾ?" ಎಂದು ಅಂಜುತ್ತಂಜುತ್ತ ಕೇಳಿದಳು. ಹೆಡ್‌ಮಿಸ್ ಕದ್ದುಮುಚ್ಚಿ ತಂದರು. ಅತ್ತೆಯ ಶಾಲು ಹೊದ್ದು, ಅತ್ತೆಯ ಹಾಗೆ ಕೈಕಟ್ಟಿ, ತುಟಿ ಒಳಗೆಳೆದು ಕೂತರು. ಆ ಫೋಟೋ ಮನೆಯಲ್ಲಿ ಅತ್ತೆಯ ಕೈಗೇ ಸಿಕ್ಕಿತು. ಮುದುಕಿ ಬಹಳ ಹೊತ್ತು ನೋಡಿ, "ಇದನ್ನ ನಾನು ಯಾವಾಗ ತೆಗೆಸ್ಕೊಂಡೆ?" ಎಂದರಂತೆ.

ಅಲ್ಲಿಂದ ಶುರುವಾಯಿತು ಗುಂಡಿಯ ಹುಚ್ಚು. ರಜೆ ಸಿಕ್ಕಾಗಲೆಲ್ಲ ಕ್ಯಾಮೆರಾ ಹೆಗಲಿಗೇರಿಸಿ ಜನರ ಮನೆಗೆ, ಕೆಲಸದ ಜಾಗಕ್ಕೆ ಹೊರಡುತ್ತಿದ್ದಳು. ಬಹುಕಾಲ ಒಟ್ಟಿಗಿದ್ದವರಲ್ಲಿ ಒಬ್ಬರು ಇನ್ನೊಬ್ಬರ ಬಟ್ಟೆ ತೊಟ್ಟು, ಅವರ ಜಾಗದಲ್ಲಿ ಅವರ ಹಾಗೆ ಕೂರಬೇಕು. ಬಣ್ಣ, ವಿಗ್ಗು, ನಾಟಕ ಕೂಡದು. ಹಲ್ಲಿನ ಡಾಕ್ಟರ ಬಿಳಿಕೋಟು ತೊಟ್ಟ ನರ್ಸಮ್ಮ ಒಂದೇ ಹುಬ್ಬು ಏರಿಸಿದರೆ ಕಾದು ಕೂತ ರೋಗಿಗಳಿಗೆ ಆಗಲೇ ಹಲ್ಲು ನೋಯುತ್ತಿತ್ತು. ಬ್ಯಾಂಕಿನ ಗೇಟಿನಲ್ಲಿ ಪಾಳಿಯ ಮೇಲೆ ಒಂದೇ ಕುರ್ಚಿ ಹಂಚಿಕೊಂಡ ಇಬ್ಬರು ಕಾವಲುಗಾರರು ಪಾಳಿ ಬದಲಾಗುವಾಗ ನಾಲ್ಕು ಮಾತಾಡಿದರೆ ಹೆಚ್ಚು. ಆದರೂ ಕಾಲ ಮೇಲೆ ಕಾಲು ಹಾಕುವ ರೀತಿ ಒಂದೇ ಎರಕ. ಗಿಣಿ ಸಾಕಿದ್ದ ಮುದುಕರೊಬ್ಬರು ತಾವು ಗಿಣಿಯಾಗಿಯೇ ಕೂರುವುದೆಂದು ಹಟ ಹಿಡಿದರು. ಅದೂ ಚೆನ್ನಾಗೇ ಬಂತು.

ಯಜಮಾನರು, "ನಗಬೇಡಿ ಅಂತ ಕಲಿಸಿದ್ದೆಲ್ಲ ದಂಡ," ಎಂದು ಗೊಣಗುತ್ತಲೇ ಆ ಚಿತ್ರಗಳನ್ನು ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ಇಡಿಸಿದರು. ದಾರಿಯಲ್ಲಿ ಹೋಗುತ್ತಿದ್ದ ಗ್ಯಾಲರಿಯ ಒಡತಿಯೊಬ್ಬಳು ಅವನ್ನು ನೋಡಿ ಒಳಗೆ ಬಂದಳು. ಎಲ್ಲವನ್ನೂ ನೆಲದ ಮೇಲೆ ಹರಡಿಸಿ, ಮಂಡಿಯೂರಿ ಒಂದೊಂದನ್ನೇ ನೋಡಿದಳು. ಪ್ರದರ್ಶನ ಮಾಡೋಣ ಎಂದಳು. ಆಮೇಲೆ, "ಎಲ್ಲರೂ ಇದ್ದಾರೆ. ನೀವೆಲ್ಲಿ?" ಎಂದಳು.

ಗುಂಡಿಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಅಪ್ಪನ ಖಾಕಿ ಅಂಗಿ ತೊಟ್ಟು ಸ್ಟಿಯರಿಂಗ್ ಹಿಡಿದಳು. ಬಸ್ಸು ಕದಿಯಲು ಬಂದವಳ ಹಾಗೆ ಕಂಡಳು. ಅಮ್ಮನ ಅಳತೆಪಟ್ಟಿ ಕೊರಳಿಗೆ ಹಾಕಿ ಹೊಲಿಗೆ ಯಂತ್ರದ ಮುಂದೆ ಕೂತಳು; ಶಾಲೆಯ ನಾಟಕದ ದರ್ಜಿಯಾದಳು. ಮತ್ತೆ ಮತ್ತೆ ತೆಗೆದಳು, ಎಲ್ಲವೂ ಸುಳ್ಳು. ಕೊನೆಗೊಂದು ಭಾನುವಾರ ಕ್ಯಾಮೆರಾವನ್ನು ಹಾಸಿಗೆಯ ಮೇಲೆ ಎಸೆದು, "ನನಗೆ ಯಾರ ಮುಖಾನೂ ಅಂಟಿಲ್ಲ ಬಿಡು," ಎಂದು ತಮ್ಮನ ಮುಂದೆ ಕಣ್ಣೀರಿಟ್ಟಳು.

ತಮ್ಮ ಅಷ್ಟು ಹೊತ್ತಿಗೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ದಿನವಿಡೀ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವವನಿಗೆ ಇನ್ನೊಬ್ಬರ ತಪ್ಪು ಬೇಗ ಕಾಣುತ್ತದೆ.

"ನೀನು ರಿವರ್ಸ್ ಗೇರ್ ಹಾಕ್ಬೇಕಾದಲ್ಲಿ ಮುಂದಕ್ಕೆ ಓಡಿಸ್ತಿದ್ದೀಯ," ಎಂದ. "ಅಮ್ಮನ್ನ ನೋಡೇ ಒಂದ್ಸಲ."

ಅಮ್ಮ ಮುಂದಿನ ಕೋಣೆಯಲ್ಲಿ ಯಾರದೋ ಕೋಟಿನ ತೋಳನ್ನು ಕೈಯಲ್ಲೆತ್ತಿ ಬೆಳಕಿಗೆ ಹಿಡಿದಿದ್ದಳು. ಕತ್ತು ಎಡಕ್ಕೆ ವಾಲಿತ್ತು. ಒಂದು ಕಣ್ಣು ಮುಚ್ಚಿತ್ತು. ನಾಲಗೆಯ ತುದಿ ಹಲ್ಲುಗಳ ನಡುವೆ ಇಣುಕಿತ್ತು. ಕ್ಯಾಮೆರಾದಲ್ಲಿ ಚಿತ್ರದ ಚೌಕಟ್ಟು ಕೂಡಿಸುವಾಗ ಗುಂಡಿ ಮಾಡುತ್ತಿದ್ದುದು ಅದನ್ನೇ, ಒಂದು ಕೂದಲೆಳೆ ಹೆಚ್ಚು ಕಡಿಮೆಯಿಲ್ಲದೆ.

"ಅಮ್ಮ, ಇದು ಯಾವಾಗಿಂದ?"

"ಯಾವುದು?"

"ಕಣ್ಣು ಹೀಗೆ ಮುಚ್ಚೋದು."

"ನೀನು ಕ್ಯಾಮೆರಾ ಹಿಡಿದಾಗಿಂದ," ಎಂದ ತಮ್ಮ. "ಮೊದಲು ಹೀಗಿರಲಿಲ್ಲ. ಅಪ್ಪನೂ ನಗ್ತಿರ್ತಾರೆ, ಮನೇಲಿ ಇಬ್ಬರು ಫೋಟೋಗ್ರಾಫರ್ ಅಂತ. ನಿನಗೆ ಮಾತ್ರ ಗೊತ್ತಿಲ್ಲ."

ಅಮ್ಮ ಕೋಟು ಕೆಳಗಿಟ್ಟು, "ಮಗಳನ್ನ ಇಷ್ಟು ವರ್ಷ ನೋಡಿದ್ದೀನಿ. ಅಷ್ಟೂ ಬರದಿದ್ರೆ ಹೇಗೆ?" ಎಂದಳು, ಅದರಲ್ಲೇನು ವಿಶೇಷ ಎಂಬಂತೆ.

ಗುಂಡಿ ತನ್ನ ಜೇಬು ಜೇಬಿನ ಜಾಕೆಟ್ಟನ್ನು ಅಮ್ಮನಿಗೆ ತೊಡಿಸಿದಳು. ಹೊಲಿಗೆ ಸರಿಯಿಲ್ಲವೆಂದು ಅಮ್ಮ ಮೊದಲು ಎರಡು ಜೇಬು ಬಿಚ್ಚಿ ಹೊಲಿದಳು. ಆಮೇಲೆ ಹಳೆಯ ಕ್ಯಾಮೆರಾ ಎತ್ತಿ ಮಗಳತ್ತ ಹಿಡಿದಳು. ತನ್ನನ್ನೇ ನೋಡುತ್ತಿದ್ದ ತನ್ನ ಮುಖವನ್ನು ಗುಂಡಿ ಅವಸರದಲ್ಲಿ ಕ್ಲಿಕ್ಕಿಸಿದಳು. ಚಿತ್ರ ಒಂಚೂರು ಅಲುಗಿದೆ. ಅದನ್ನೇ ಇಟ್ಟುಕೊಂಡಳು.

'ನಾನು' ಎಂಬ ಹೆಸರಿನ ಆ ಚಿತ್ರ ಅವಳನ್ನು ಊರೂರು ಸುತ್ತಿಸಿತು. ದೊಡ್ಡ ದೊಡ್ಡವರು ಅದರ ಮೇಲೆ ಪ್ರಬಂಧ ಬರೆದರು. ಕೆಲವು ಅವಳಿಗೆ ಅರ್ಥವಾದವು, ಕೆಲವು ಅಮ್ಮನಿಗೆ. ಯಜಮಾನರು ಕಣ್ಣುಮುಚ್ಚುವ ಮೊದಲು ಸ್ಟುಡಿಯೋವನ್ನು ಅವಳಿಗೇ ವಹಿಸಿದರು. ಅವಳು ಪಾಸ್‌ಪೋರ್ಟ್ ಫೋಟೋ ನಿಲ್ಲಿಸಲಿಲ್ಲ; ಬೆಳಗ್ಗೆ ಗಲ್ಲ ಕೆಳಗೆ, ಮಧ್ಯಾಹ್ನ ಕಲಿಯಲು ಬಂದವರಿಗೆ ಪಾಠ. ಅವಳ ಶಿಷ್ಯರು ಈಗ ಆಸ್ಪತ್ರೆ, ಕಾರ್ಖಾನೆಗಳಲ್ಲಿ ಒಟ್ಟಿಗೆ ದುಡಿದವರ ಚಿತ್ರ ತೆಗೆಯುತ್ತಾರೆ. ಅಪ್ಪ ಹೋದರು, ಅಮ್ಮನೂ ಹೋದಳು. ತಲೆ ಪೂರ್ತಿ ಬೆಳ್ಳಗಾದ ಮೇಲೆ ಒಂದು ಬೆಳಗ್ಗೆ ಗುಂಡಿ ಮಲಗಿದವಳು ಏಳಲಿಲ್ಲ.

ಅವಳನ್ನು ದತ್ತು ಕೊಟ್ಟ ಅನಾಥಾಶ್ರಮದವರು, ತಮ್ಮ ಕಚೇರಿಗೆ 'ನಾನು' ಚಿತ್ರದ ಒಂದು ಪ್ರತಿ ಬೇಕೆಂದು ಕೇಳಿದರು. ತಮ್ಮನೇ ಕಾರಿನಲ್ಲಿ ಒಯ್ದು, ಸುತ್ತಿಗೆ ಕೇಳಿ ಪಡೆದು, ಗೋಡೆಗೆ ಮೊಳೆ ಹೊಡೆದ. ದತ್ತು ಪಡೆಯಲು ಬಂದು ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಗಂಡ ಹೆಂಡತಿ ನೋಡುತ್ತಿದ್ದರು. ಹೆಂಡತಿಯ ಮಡಿಲಲ್ಲಿ ಒಂದು ಪುಟ್ಟ ಸ್ವೆಟರಿತ್ತು. ಅದನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು.

"ಇವರೇನಾ ಫೋಟೋ ತೆಗೀತಿದ್ದವರು?" ಎಂದು ಕೇಳಿದಳು.

"ಅಲ್ಲ, ಇದು ನಮ್ಮಮ್ಮ. ತೆಗೀತಿದ್ದಿದ್ದು ನಮ್ಮಕ್ಕ."

"ಅವರು ಹೇಗಿದ್ರು?"

ತಮ್ಮ ಹೇಳಹೊರಟ. ಎತ್ತರ, ಬಣ್ಣ, ಮೂಗು ಎಲ್ಲ ಬಾಯಿಯವರೆಗೆ ಬಂದವು. ಆಮೇಲೆ ಸುತ್ತಿಗೆಯಿಂದಲೇ ಗೋಡೆಯತ್ತ ತೋರಿಸಿ, "ಹೀಗೇ ಇದ್ಲು," ಎಂದ.

ಗಂಡ, "ಸ್ವಲ್ಪ ಬಲಕ್ಕೆ ವಾಲಿದೆ ಸಾರ್," ಎಂದ. ಅವನೂ ತಮ್ಮನೂ ಸೇರಿ ಚೌಕಟ್ಟು ನೆಟ್ಟಗೆ ಮಾಡುತ್ತಿರುವಾಗ ಒಳಗಿನಿಂದ ಗಂಡ ಹೆಂಡತಿಯನ್ನು ಕರೆದರು. ಹೆಂಡತಿ ಸ್ವೆಟರು ಎದೆಗವಚಿಕೊಂಡು ಎದ್ದಳು.